ಬೀಗ ಹಾಕಿದ ಪೆಟ್ಟಿಗೆಯೊಳಗಿನ ತೊಗಲು

ಫೆರೋ ದ್ವೀಪಗಳ ಉತ್ತರದ ಅಂಚಿನಲ್ಲಿ ಕಾಲ್ಸೊಯ್ ಎಂಬ ದ್ವೀಪ ಅಟ್ಲಾಂಟಿಕ್ ಕಡಲಿನಿಂದ ನೆಟ್ಟಗೆ ಮೇಲೆದ್ದು ನಿಂತಿದೆ. ಉದ್ದ ಸುಮಾರು 18 ಕಿಲೋಮೀಟರ್, ಅಗಲ ತೀರ ಕಡಿಮೆ. ಪಡುವಣದ ಮಗ್ಗುಲು ಪೂರ್ತಿ ಕಡಿದಾದ ಬಂಡೆ. ಮೂಡಣದ ಹಸಿರು ಇಳಿಜಾರಿನಲ್ಲಿ ನಾಲ್ಕು ಪುಟ್ಟ ಊರುಗಳು; ಅವನ್ನು ಕೂಡಿಸುವ ಒಂಟಿ ದಾರಿ ಬೆಟ್ಟ ಕೊರೆದ ಕತ್ತಲ ಸುರಂಗಗಳಲ್ಲಿ ನುಗ್ಗಿ ಸಾಗುತ್ತದೆ. ಅವುಗಳಲ್ಲಿ ಒಂದೂರು ಮಿಕ್ಲಾದಾಲುರ್. ಮನೆಗಳ ಕೆಳಗೆ ಹುಲ್ಲು, ಹುಲ್ಲು ಮುಗಿದಲ್ಲಿ ಕಪ್ಪು ಬಂಡೆ, ಬಂಡೆಯ ಬುಡದಲ್ಲಿ ಬಿಡುವಿಲ್ಲದ ಅಲೆ. ನಡುಚಳಿಗಾಲದಲ್ಲಿ ಅಲ್ಲಿ ಹಗಲೆಂದರೆ ಐದಾರು ಗಂಟೆ ಅಷ್ಟೆ. ಕ್ರಿಸ್‌ಮಸ್ ಹಬ್ಬದ ಸಾಲು ಮುಗಿದು, ಜನವರಿ 6ರ ಸುಮಾರಿಗೆ ಬರುವ ರಾತ್ರಿ ಈ ದಡದಲ್ಲಿ ಸೀಲ್‌ಗಳು ತೊಗಲು ಕಳಚುತ್ತವೆ ಎಂದು ಊರಿನ ಹಿರಿಯರು ಹೇಳುತ್ತಿದ್ದರು.

ಒಂದೊಂದಾಗಿ ನೀರಿನಿಂದ ತಲೆಗಳು ಮೇಲೇಳುತ್ತವೆ. ಬಂಡೆಯ ಮೇಲೆ ತೆವಳಿ ಬಂದ ದಪ್ಪ ಮೈ ಸೀಳಿ, ಒದ್ದೆ ತೊಗಲು ಕಾಲ ಬಳಿ ಜಾರುತ್ತದೆ. ಒಳಗಿಂದ ಗಂಡು, ಹೆಣ್ಣು, ಮುದುಕ, ಹರೆಯದ ಹುಡುಗಿ ಹೊರಬರುತ್ತಾರೆ. ತೊಗಲುಗಳನ್ನು ಬಂಡೆಗಳ ಸಂದಿಯಲ್ಲಿ ಮಡಿಚಿಟ್ಟು ಬೆಳಗಿನವರೆಗೆ ಕುಣಿಯುತ್ತಾರೆ. ಇವರು ಒಂದು ಕಾಲಕ್ಕೆ ಮನುಷ್ಯರೇ; ಬೇಕೆಂದೇ ಕಡಲಿಗೆ ಬಿದ್ದು ಸಾವು ಕಂಡವರು ಸೀಲ್‌ಗಳಾಗುತ್ತಾರೆ ಎಂಬುದು ಫೆರೋ ಜನರ ನಂಬಿಕೆಯಾಗಿತ್ತು. ವರ್ಷಕ್ಕೊಂದು ರಾತ್ರಿ ಮಾತ್ರ ಹಳೆಯ ಮೈ ಅವರಿಗೆ ಮರಳಿ ಸಿಗುತ್ತದೆ.

ನಮ್ಮ ಪುರಾಣಗಳ ಕಾಮರೂಪಿಗಳು ಮನಸ್ಸು ಬಂದ ರೂಪ ತಾಳಬಲ್ಲರು. ಮಾರೀಚ ಚಿನ್ನದ ಜಿಂಕೆಯೂ ಆದಾನು. ಈ ಉತ್ತರದ ಕಡಲಿನವರಿಗೆ ಅಂಥ ಮಾಯೆ ಇಲ್ಲ. ಇರುವುದು ಎರಡೇ ಮೈ, ಒಂದೇ ತೊಗಲು. ಅದು ಕೈತಪ್ಪಿದರೆ ಮನೆಯೇ ಕೈತಪ್ಪಿತು. ಹೀಗಾಗಿ ಈ ಕಥೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ರೂಪ ಬದಲಾಗುವ ಬೆರಗಿಗಿಂತ ಹೆಚ್ಚಾಗಿ, ಆ ತೊಗಲು ಯಾರ ವಶದಲ್ಲಿದೆ ಎಂಬ ಪ್ರಶ್ನೆ.

ಮಿಕ್ಲಾದಾಲುರ್‌ನ ಒಬ್ಬ ಯುವ ರೈತ ಆ ರಾತ್ರಿ ಬಂಡೆಯ ಮರೆಯಲ್ಲಿ ಕಾದು ಕೂತು, ಚೆಲುವೆಯೊಬ್ಬಳು ಇಟ್ಟ ತೊಗಲನ್ನು ಎತ್ತಿಟ್ಟುಕೊಂಡ. ಬೆಳಗಾಗುತ್ತಲೇ ಉಳಿದವರು ತಮ್ಮ ತೊಗಲು ತೊಟ್ಟು ನೀರಿಗೆ ಧುಮುಕಿದರು. ಅವಳು ಹುಡುಕಿದಳು, ಬೇಡಿದಳು. ಅವನು ಕೊಡಲಿಲ್ಲ. ಅವನ ಹಿಂದೆ ಮನೆಗೆ ನಡೆದಳು, ಹೆಂಡತಿಯಾದಳು, ಮಕ್ಕಳನ್ನು ಹೆತ್ತಳು. ತೊಗಲು ಪೆಟ್ಟಿಗೆಯೊಳಗೆ ಭದ್ರ. ಪೆಟ್ಟಿಗೆಯ ಬೀಗದ ಕೈ ಹಗಲೂ ರಾತ್ರಿ ಅವನ ನಡುಪಟ್ಟಿಯಲ್ಲಿ. ಒಂದು ದಿನ ಮೀನಿಗೆ ಹೋದವನು ನಡುಗಡಲಲ್ಲಿ ಸೊಂಟ ತಡವಿ ನೋಡಿದರೆ ಕೀಲಿ ಇಲ್ಲ. ಜೊತೆಯವರೆಲ್ಲ ದಡದತ್ತ ಶಕ್ತಿಮೀರಿ ಹುಟ್ಟು ಹಾಕಿದರು. ಮನೆ ಸೇರುವಾಗ ಮಕ್ಕಳು ಮಾತ್ರ ಇದ್ದರು.

ಆ ಮನೆಯೊಳಗಿನ ಒಂದು ವಿವರ ಕಥೆಯಲ್ಲಿ ಉಳಿದುಬಂದಿದೆ. ಹೊರಡುವ ಮೊದಲು ಅವಳು ಒಲೆಯ ಬೆಂಕಿ ಆರಿಸಿದ್ದಳು. ಚಾಕು ಮೊದಲಾದ ಹರಿತದ ಸಾಮಾನುಗಳನ್ನೆಲ್ಲ ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟಿದ್ದಳು. ವರ್ಷಗಟ್ಟಲೆ ಕಾದ ತೊಗಲು ಕಣ್ಣೆದುರಿಗೇ ಇದೆ, ಕಡಲು ಕೂಗುತ್ತಿದೆ, ಗಂಡ ಯಾವ ಗಳಿಗೆಯಲ್ಲಾದರೂ ಬಂದಾನು. ಆ ಆತುರದಲ್ಲೂ ಮಕ್ಕಳ ಬೆರಳು ಸುಡಬಾರದು, ಕೊಯ್ಯಬಾರದು ಎಂದು ಮನೆಯಲ್ಲೊಂದು ಸುತ್ತು ಬಂದಿದ್ದಾಳೆ. ಈ ಸಾಲನ್ನು ಕಥೆಗೆ ಸೇರಿಸಿದವಳು ಯಾರೋ ಒಬ್ಬ ತಾಯಿಯೇ ಇರಬೇಕು ಎಂದು ನನಗನ್ನಿಸುತ್ತದೆ. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಮರವಾಗಿ ಹೂ ಬಿಡುವ ಹುಡುಗಿಯ ಕಥೆಯಲ್ಲೂ ತನ್ನ ಮೈ ಬೇರೆಯವರ ಕೈಗೆ ಸಿಕ್ಕವಳ ನೋವಿದೆ. ಕೊಂಬೆ ಮುರಿದವರು ಬೇರೆಯವರು. ಅರ್ಧ ಮೈಯಲ್ಲಿ ಉಳಿದವಳು ಅವಳು.

ದಕ್ಷಿಣಕ್ಕೆ, ಸ್ಕಾಟ್ಲೆಂಡಿನ ನೆತ್ತಿಯಲ್ಲಿರುವ ಆರ್ಕ್ನಿ ದ್ವೀಪಗಳಲ್ಲಿ ಇದೇ ಕುಲದವರು ಸೆಲ್ಕಿಗಳು. ಅಲ್ಲಿನ ಸ್ಯಾಂಡೆ ದ್ವೀಪದ ರೈತ ವಾಲ್ಟರ್ ಟ್ರೇಲ್ ಡೆನಿಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಹೊರೆಯವರ ಬಾಯಿಂದ ಕೇಳಿ ಬರೆದಿಟ್ಟದ್ದರಿಂದ ನಮಗೆ ಇವರ ರೀತಿನೀತಿ ಇಷ್ಟಾದರೂ ಗೊತ್ತು. ದೇಹ ಬದಲಿಸುವ ಶಕ್ತಿ ಎಲ್ಲ ಸೀಲ್‌ಗಳಿಗಿಲ್ಲ, ದೊಡ್ಡ ಜಾತಿಯವಕ್ಕೆ ಮಾತ್ರ. ದಡಕ್ಕೆ ಬರುವ ದಿನದ ಬಗ್ಗೆ ಜನರಲ್ಲಿ ಒಮ್ಮತವಿರಲಿಲ್ಲ: ಒಂಬತ್ತು ರಾತ್ರಿಗೊಮ್ಮೆ ಎನ್ನುವವರು ಕೆಲವರು, ನಡುಬೇಸಿಗೆಯ ಹಬ್ಬದ ಮುನ್ನಾ ರಾತ್ರಿ ಎನ್ನುವವರು ಕೆಲವರು. ಆರ್ಕ್ನಿಯ ಕಥೆಗಳಲ್ಲಿ ಗಂಡಸರೂ ತೊಗಲು ಕಳಚುತ್ತಾರೆ, ಮತ್ತು ಅಲ್ಲಿ ಆಯ್ಕೆ ಹೆಣ್ಣಿನದು. ಸೆಲ್ಕಿಯ ಒಲವು ಬಯಸಿದ ಹೆಂಗಸು ಕಡಲು ತುಂಬಿ ಉಬ್ಬಿದ ಹೊತ್ತಿನಲ್ಲಿ ದಡದಲ್ಲಿ ನಿಂತು ಏಳು ಹನಿ ಕಣ್ಣೀರನ್ನು ನೀರಿಗೆ ಬೀಳಿಸಬೇಕು. ಅರ್ಸಿಲ್ಲಾ ಎಂಬ ದೊಡ್ಡ ಮನೆತನದ ಹೆಣ್ಣು ಹಾಗೆ ಕರೆದಳಂತೆ. ಹುಟ್ಟಿದ ಮಕ್ಕಳ ಬೆರಳುಗಳ ನಡುವೆ ಬಾತಿನ ಕಾಲಿನಂತೆ ಪೊರೆ. ಸೂಲಗಿತ್ತಿ ಅದನ್ನು ಕತ್ತರಿಸಿದಷ್ಟೂ ಅಂಗೈ ಅಂಗಾಲಿನಲ್ಲಿ ಗಡುಸು ಚರ್ಮ ಬೆಳೆಯಿತು.

ಶೆಟ್‌ಲೆಂಡ್‌ನ ಮುದುಕಿಯೊಬ್ಬಳಿಂದ ಕೇಳಿ ಬರೆದುಕೊಂಡ, 1852ರಲ್ಲಿ ಅಚ್ಚಾದ ಒಂದು ಲಾವಣಿಯಲ್ಲಿ ಸೀಲ್ ತಂದೆ ಹೊನ್ನು ಕೊಟ್ಟು, ಮನುಷ್ಯ ತಾಯಿಯಿಂದ ಮಗನನ್ನು ಕೇಳಿ ಕರೆದೊಯ್ಯುತ್ತಾನೆ. ಹೋಗುವಾಗ, ನೀನು ಮುಂದೆ ಮದುವೆಯಾಗುವ ಬಂದೂಕಿನವನು ನನ್ನನ್ನೂ ಮಗನನ್ನೂ ಹೊಡೆಯುತ್ತಾನೆ ಎಂದು ಅವಳಿಗೆ ತಿಳಿಸುತ್ತಾನೆ.

ಈ ಕಡಲಿನ ಬೂದು ಸೀಲ್‌ಗಳನ್ನು ಹತ್ತಿರದಿಂದ ಬಲ್ಲವರಿಗೆ ಇದೆಲ್ಲ ಬರಿಯ ಕಲ್ಪನೆ ಎನ್ನಿಸಿರಲಾರದು. ಅವುಗಳ ಈಜುಗಾಲಿನೊಳಗೆ ನಮ್ಮಂತೆಯೇ ಐದು ಬೆರಳಿನ ಎಲುಬುಗಳಿವೆ. ಕಣ್ಣೀರನ್ನು ಮೂಗಿಗೆ ಇಳಿಸುವ ನಾಳ ಅವಕ್ಕಿಲ್ಲದ ಕಾರಣ ಬಂಡೆಯ ಮೇಲೆ ಮಲಗಿದಾಗ ನೀರು ಕೆನ್ನೆಯ ಮೇಲೇ ಹರಿಯುತ್ತದೆ. ರಾತ್ರಿ ಅವು ಹಾಕುವ ನೀಳ ಊಳು ಹೆಂಗಸರ ಅಳುವಿನಂತೆ ಕೇಳುತ್ತದೆ. ಮರಿಗಳು ಬಿಳಿ ತುಪ್ಪಳದಲ್ಲಿ ಹುಟ್ಟಿ, ಕೆಲವೇ ವಾರಗಳಲ್ಲಿ ಅದನ್ನು ಪೂರ್ತಿ ಉದುರಿಸಿ ಬೇರೆ ಬಣ್ಣ ತಳೆಯುತ್ತವೆ. ತಾಯಿ ಹಾಲೂಡುವುದು ಹದಿನೆಂಟು ದಿನದಷ್ಟು ಮಾತ್ರ. ಆಮೇಲೆ ಒಂದು ದಿನ ಮರಿಯನ್ನು ದಡದಲ್ಲೇ ಬಿಟ್ಟು ಅವಳು ಕಡಲಿಗೆ ಹೊರಟುಹೋಗುತ್ತಾಳೆ. ಈ ಹೊರಡುವಿಕೆಯನ್ನು ವರ್ಷ ವರ್ಷವೂ ಕಂಡ ಜನ ಅದಕ್ಕೆ ಒಂದು ಮನೆಯನ್ನೂ ಒಂದು ಬೀಗವನ್ನೂ ಕಟ್ಟಿದ್ದು ಸಹಜವೇ.

2014ರ ಆಗಸ್ಟ್ 1ರಂದು ಮಿಕ್ಲಾದಾಲುರ್‌ನ ಬಂಡೆಯ ಮೇಲೆ ಹಾನ್ಸ್ ಪೌಲಿ ಓಲ್ಸೆನ್ ಮಾಡಿದ ಸೀಲ್ ಹೆಣ್ಣಿನ ಪ್ರತಿಮೆ ನಿಂತಿತು. ಕಂಚು ಮತ್ತು ಸ್ಟೇನ್‌ಲೆಸ್ ಸ್ಟೀಲ್, ಎತ್ತರ 2.6 ಮೀಟರ್, ತೂಕ 450 ಕಿಲೋ. ಕಳಚಿದ ತೊಗಲು ಅವಳ ಕೈಯಲ್ಲೇ ಇದೆ. ಹದಿಮೂರು ಮೀಟರ್ ಎತ್ತರದ ಅಲೆ ಬಡಿದರೂ ತಾಳುವಂತೆ ನಿಲ್ಲಿಸಿದ್ದರು. 2015ರ ಆರಂಭದಲ್ಲಿ ಹನ್ನೊಂದೂವರೆ ಮೀಟರಿನ ಅಲೆ ಅವಳನ್ನು ಪೂರ್ತಿ ಮುಳುಗಿಸಿ ಹಾದುಹೋಯಿತು, ಅವಳು ಕದಲಲಿಲ್ಲ.

ಈ ಚೆಲುವಾದ ಪ್ರತಿಮೆ ಹೇಳದ ಭಾಗವೊಂದು ಕಥೆಯಲ್ಲಿದೆ. ಫೆರೋ ಜನ ಸೀಲ್‌ಗಳು ಮರಿ ಹಾಕುವ ಗುಹೆಗಳಿಗೆ ದೋಣಿ ನುಗ್ಗಿಸಿ ಬೇಟೆಯಾಡುತ್ತಿದ್ದರು. ತೊಗಲು, ಕೊಬ್ಬು, ಮಾಂಸ ಎಲ್ಲವೂ ಬೇಕಿತ್ತು. ಅಂಥ ಬೇಟೆಯ ಹಿಂದಿನ ರಾತ್ರಿ ಅವಳು ಹಳೆಯ ಗಂಡನ ಕನಸಿನಲ್ಲಿ ಬಂದು ಬೇಡಿಕೊಂಡಳು: ಗುಹೆಯ ಬಾಯಲ್ಲಿ ಮಲಗಿರುವ ದೊಡ್ಡ ಗಂಡು ಸೀಲ್ ನನ್ನ ಗಂಡ, ಒಳಗಿರುವ ಎರಡು ಮರಿಗಳು ನನ್ನ ಮಕ್ಕಳು, ಅವರನ್ನು ಬಿಟ್ಟುಬಿಡಿ. ಅವನು ಕಿವಿಗೊಡಲಿಲ್ಲ. ಪಾಲು ಹಂಚುವಾಗ ಆ ಗಂಡಿನ ತಲೆ, ಮರಿಗಳ ಕೈಕಾಲು ಅವನ ಪಾಲಿಗೇ ಬಂದವು. ಊಟದ ಹೊತ್ತಿಗೆ ಬಾಗಿಲು ಒಡೆದಂತೆ ಸದ್ದಾಗಿ ಅವಳು ಭಯಂಕರ ರೂಪದಲ್ಲಿ ಒಳಗೆ ಬಂದಳು. ಬಡಿಸಿಟ್ಟ ಮಾಂಸವನ್ನು ಮೂಸಿದಳು. ಇದು ಅಗಲ ಮೂಗಿನ ನನ್ನ ಗಂಡನ ತಲೆ, ಇದು ಹಾರೆಕ್‌ನ ಕೈ, ಇದು ಫ್ರೆಡ್ರಿಕ್‌ನ ಕಾಲು ಎಂದು ಒಂದೊಂದನ್ನೇ ಗುರುತಿಸಿದಳು. ಅಲ್ಲಿಯವರೆಗೆ ಆ ಮನೆಯವರಿಗೆ ಅದು ಬರಿಯ ಊಟ. ಕಡಲೊಳಗೂ ಒಂದು ಸಂಸಾರವಿತ್ತು, ಮಕ್ಕಳಿಗೆ ಹೆಸರಿಟ್ಟಿದ್ದರು ಎಂಬುದು ಅವರಿಗೆ ತಿಳಿದದ್ದು ಊಟದ ಮುಂದೆ ಕೂತಾಗ.

ಶಾಪ ಹಾಕಿ ಹೋದಳು. ಈ ಊರಿನ ಗಂಡಸರು ಕಡಲಲ್ಲಿ ಮುಳುಗುತ್ತಾರೆ, ಬಂಡೆಯಿಂದ ಬೀಳುತ್ತಾರೆ. ಸತ್ತವರೆಲ್ಲ ಕೈಕೈ ಹಿಡಿದು ನಿಂತರೆ ಕಾಲ್ಸೊಯ್ ದ್ವೀಪವನ್ನು ಪೂರ್ತಿ ಸುತ್ತುವರಿಯುವಷ್ಟಾಗುವ ತನಕ ಇದು ನಿಲ್ಲದು. ಹದಿನೆಂಟು ಕಿಲೋಮೀಟರ್ ಉದ್ದದ ದ್ವೀಪದ ಎರಡೂ ಮಗ್ಗುಲಿಗೆ ಎಷ್ಟು ಗಂಡಸರು ಬೇಕು ಎಂಬುದನ್ನು ಮಿಕ್ಲಾದಾಲುರ್‌ನಂಥ ಸಣ್ಣ ಊರು ತಾನೇ ಲೆಕ್ಕ ಹಾಕಿಕೊಳ್ಳಬಲ್ಲದು.