ಮರಳಿ ಬಂದ ಯೋಧನ ಚಿಕಿತ್ಸೆ: ಅಮೆರಿಕದ ಹೊರರೋಗಿ ಪದ್ಧತಿಯ ಒಂದು ಚಾರಿತ್ರಿಕ ಸಮೀಕ್ಷೆ

ಯುದ್ಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಪ್ಪಂದಕ್ಕೆ ಸಹಿ ಬಿದ್ದಲ್ಲಿಗೆ ಅಧ್ಯಾಯವನ್ನು ಮುಗಿಸುತ್ತಾರೆ. ಹೋರಾಡಿದ ಸೈನಿಕನ ಪಾಲಿಗೆ ಯುದ್ಧವು ಅಲ್ಲಿಗೆ ಮುಗಿಯುವುದಿಲ್ಲ. ಊರಿಗೆ ಮರಳಿದ ಮೇಲೂ ಕಾಡುವ ಭೀತಿ, ನಿದ್ರಾಹೀನತೆ, ಮದ್ಯ ಹಾಗೂ ಮಾದಕವಸ್ತುಗಳ ವ್ಯಸನ ಇವುಗಳಿಗೆ ಆತನು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವ ಹೊರರೋಗಿ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೇಗೆ ರೂಪುಗೊಂಡಿತೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1971ರ ಮೇ ತಿಂಗಳಲ್ಲಿ ಅಮೆರಿಕದ ಶಾಸನಸಭೆಯ ಇಬ್ಬರು ಸದಸ್ಯರು, ವಿಯೆಟ್ನಾಮಿನಲ್ಲಿರುವ ತಮ್ಮ ಸೈನಿಕರಲ್ಲಿ ಶೇಕಡಾ 10ರಿಂದ 15ರಷ್ಟು ಮಂದಿ ಹೆರಾಯಿನ್ ವ್ಯಸನಿಗಳೆಂದು ವರದಿ ಮಾಡಿದರು. ದೇಶವು ತಲ್ಲಣಿಸಿತು. ಅಧ್ಯಕ್ಷ ನಿಕ್ಸನ್ ಅವರು ಜೂನ್‌ನಲ್ಲಿ ವಿಶೇಷ ಕಚೇರಿಯೊಂದನ್ನು ಸ್ಥಾಪಿಸಿ, ಮನೋವೈದ್ಯ ಜೆರೋಮ್ ಜಾಫೆಯವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿದರು. ಮೂತ್ರಪರೀಕ್ಷೆಯಲ್ಲಿ ಶುದ್ಧನೆಂದು ಕಂಡುಬಂದ ಹೊರತು ಯಾವ ಸೈನಿಕನೂ ಸ್ವದೇಶಕ್ಕೆ ವಿಮಾನವೇರುವಂತಿರಲಿಲ್ಲ.

ಹೀಗೆ ಮರಳಿದವರ ಗತಿಯೇನಾಯಿತೆಂಬುದನ್ನು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಲೀ ರಾಬಿನ್ಸ್ ಅವರು ಸುಮಾರು 900 ಮಂದಿಯನ್ನು ಸಂದರ್ಶಿಸಿ ಶೋಧಿಸಿದರು. ಸಾಮಾನ್ಯ ಸೈನಿಕರಲ್ಲಿ ಐವರಿಗೊಬ್ಬನು ತಾನು ಅಲ್ಲಿ ವ್ಯಸನಿಯಾಗಿದ್ದುದಾಗಿ ಒಪ್ಪಿಕೊಂಡನು. ಆದರೆ ಅಂಥವರ ಪೈಕಿ, ಮರಳಿದ ಮೊದಲ ವರ್ಷದೊಳಗೆ ಪುನಃ ವ್ಯಸನಕ್ಕೆ ಬಿದ್ದವರು ಶೇಕಡಾ 5ರಷ್ಟು ಮಾತ್ರ; ಮೂರು ವರ್ಷಗಳ ಅವಧಿಯಲ್ಲಿ ಶೇಕಡಾ 12ರಷ್ಟು. ಬಹುಮಂದಿ ಯಾವ ಚಿಕಿತ್ಸೆಯನ್ನೂ ಪಡೆಯದೆಯೇ ಚೇತರಿಸಿಕೊಂಡಿದ್ದರು.

ಈ ಫಲಿತಾಂಶವನ್ನು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ತೆರೆದ ಸರ್ಕಾರಿ ಆಸ್ಪತ್ರೆಯ ಅನುಭವದೊಡನೆ ಹೋಲಿಸಿ ನೋಡಬೇಕು. ಅಲ್ಲಿ ತಿಂಗಳುಗಟ್ಟಲೆ ಗೋಡೆಗಳ ನಡುವೆ ವ್ಯಸನಮುಕ್ತರಾಗಿದ್ದವರಲ್ಲಿ ಬಹುಪಾಲು ಮಂದಿ ತಮ್ಮ ಹಳೆಯ ಬೀದಿಗೆ ಕಾಲಿಟ್ಟೊಡನೆ ಹಳೆಯ ಚಟಕ್ಕೇ ಮರಳಿದ್ದರು. ಸೈನಿಕನಾದರೋ ಚಟ ಹತ್ತಿದ ನೆಲವನ್ನೇ ಬಿಟ್ಟುಬಂದಿದ್ದನು. ಎರಡು ನಿದರ್ಶನಗಳಿಂದಲೂ ಸ್ಪಷ್ಟವಾಗುವ ಅಂಶವೊಂದೇ: ವ್ಯಸನವು ಕೇವಲ ಶರೀರದಲ್ಲಿರುವುದಿಲ್ಲ; ಪರಿಸರ, ಸಹವಾಸ, ಭಯ ಇವುಗಳಲ್ಲಿಯೂ ಅದರ ಬೇರುಗಳಿರುತ್ತವೆ. ಆದುದರಿಂದ ಚಿಕಿತ್ಸೆಯ ನಿಜವಾದ ಪರೀಕ್ಷೆ ನಡೆಯುವುದು ರೋಗಿಯು ಬಾಳಬೇಕಾದ ಬೀದಿಯಲ್ಲಿ.

ಆದರೆ ಹೆರಾಯಿನ್ ಬಿಟ್ಟವರೆಲ್ಲರನ್ನೂ ಯುದ್ಧದ ನೆನಪು ಬಿಡಲಿಲ್ಲ. 1970ರ ಕೊನೆಯಿಂದ ನ್ಯೂಯಾರ್ಕಿನಲ್ಲಿ ಯುದ್ಧವಿರೋಧಿ ಮಾಜಿ ಸೈನಿಕರು ಒಟ್ಟಾಗಿ ಕುಳಿತು ತಮ್ಮ ಅನುಭವಗಳನ್ನು ಹೇಳಿಕೊಳ್ಳತೊಡಗಿದರು. ಮನೋವೈದ್ಯರಾದ ರಾಬರ್ಟ್ ಲಿಫ್ಟನ್ ಮತ್ತು ಖೈಮ್ ಶಾಟನ್ ಅವರೊಡನೆ ಸೇರಿದರು. 1979ರಲ್ಲಿ ಶಾಸನವೊಂದರ ಮೂಲಕ ಮಾಜಿ ಸೈನಿಕರ ಸಲಹಾಕೇಂದ್ರಗಳು ಸ್ಥಾಪಿತವಾದವು. ಆಗ ಇಲಾಖೆಯ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಕ್ಲೀಲ್ಯಾಂಡ್ ಅವರು 1968ರಲ್ಲಿ ವಿಯೆಟ್ನಾಮಿನಲ್ಲಿ ಎರಡು ಕಾಲುಗಳನ್ನೂ ಒಂದು ತೋಳನ್ನೂ ಕಳೆದುಕೊಂಡಿದ್ದವರು. ಈ ಕೇಂದ್ರಗಳನ್ನು ಆಸ್ಪತ್ರೆಯ ಆವರಣದಿಂದ ದೂರವಾಗಿ, ಅಂಗಡಿಬೀದಿಗಳಲ್ಲಿ ತೆರೆಯಲಾಯಿತು. ಸಿಬ್ಬಂದಿಯಲ್ಲಿ ಅನೇಕರು ಸ್ವತಃ ಮಾಜಿ ಸೈನಿಕರು. ಸರ್ಕಾರಿ ಆಸ್ಪತ್ರೆಯೆಂದರೆ ಮುಖ ತಿರುಗಿಸುತ್ತಿದ್ದವನೂ ಇಲ್ಲಿ ಒಳಗೆ ಬರಲು ಹಿಂಜರಿಯಬಾರದೆಂಬುದೇ ಇದರ ಆಶಯ. ಇಂದು ಇಂತಹ ಸುಮಾರು 300 ಕೇಂದ್ರಗಳಿವೆ. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು ಆಘಾತೋತ್ತರ ಮನೋವ್ಯಾಧಿಗೆ ಸ್ಥಾನವಿತ್ತಿತು.

ಇಷ್ಟಾದರೂ ದೊಡ್ಡ ಕೊರತೆಯೊಂದು ದಶಕಗಳ ಕಾಲ ಉಳಿಯಿತು. ವ್ಯಸನಕ್ಕೆ ಒಂದು ವಿಭಾಗ, ಮನೋವ್ಯಾಧಿಗೆ ಇನ್ನೊಂದು. ಮೊದಲು ಕುಡಿತ ಬಿಟ್ಟು ಬಾ ಎಂದು ಮನೋವೈದ್ಯರು ಹೇಳುವರು. ಯುದ್ಧದ ಮಾತು ಆಮೇಲಾಗಲಿ ಎಂದು ವ್ಯಸನ ಚಿಕಿತ್ಸಕರು ಹೇಳುವರು. ದುಃಸ್ವಪ್ನಕ್ಕೆ ಹೆದರಿ ಕುಡಿಯುವವನು ಎರಡು ಬಾಗಿಲುಗಳ ನಡುವೆ ನಿಲ್ಲಬೇಕಾಯಿತು. ಒಂದು ವ್ಯಾಧಿಯಿದೆಯೆಂಬ ಕಾರಣದಿಂದ ಇನ್ನೊಂದರ ಚಿಕಿತ್ಸೆಯನ್ನು ತಡೆಯಬಾರದೆಂದು 2017ರ ಸರ್ಕಾರಿ ಮಾರ್ಗಸೂಚಿಯು ಸ್ಪಷ್ಟವಾಗಿ ವಿಧಿಸಿತು. ಇದರಂತೆ ಹೊರರೋಗಿಯು ಅಫೀಮು ವರ್ಗದ ವ್ಯಸನಕ್ಕೆ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಔಷಧವನ್ನು ಪಡೆಯುತ್ತಲೇ ಯುದ್ಧದ ನೆನಪುಗಳ ಕುರಿತಾದ ಮಾತಿನ ಚಿಕಿತ್ಸೆಯನ್ನೂ ಪಡೆಯಬಹುದು.

ಹೊರರೋಗಿ ಪದ್ಧತಿಯೇ ಸರ್ವರೋಗಕ್ಕೂ ಮದ್ದೆಂದು ಭಾವಿಸಲಾಗದು. ದೀರ್ಘಕಾಲದ ಕುಡುಕನು ಹಠಾತ್ತನೆ ಮದ್ಯ ನಿಲ್ಲಿಸಿದಾಗ ಸೆಳವು, ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆತ್ಮಹತ್ಯೆಯ ಅಂಚಿನಲ್ಲಿರುವವನನ್ನು ಮುಂದಿನ ವಾರ ಬಾ ಎಂದು ಕಳುಹಿಸಲಾಗದು. ಇಂಥವರಿಗೆ ಆಸ್ಪತ್ರೆಯ ಹಾಸಿಗೆ ಅನಿವಾರ್ಯ. ಆದರೆ ಅಲ್ಲಿಂದ ಹೊರಬಿದ್ದ ದಿನ ಆತನನ್ನು ಎದುರುಗೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಸೈನಿಕನನ್ನು ರಣರಂಗಕ್ಕೆ ಕಳುಹಿಸಲು ರಾಜ್ಯಗಳು ಪುರಾತನ ಕಾಲದಿಂದಲೂ ಬಲ್ಲವು. ಅವನನ್ನು ಮನೆಗೆ ಸರಿಯಾಗಿ ಮುಟ್ಟಿಸುವ ವಿದ್ಯೆಯನ್ನು ಅವು ಕಲಿಯತೊಡಗಿದ್ದು ತೀರ ಈಚೆಗೆ.