ಲಾಲಾರಸ ಮತ್ತು ದಂತರಕ್ಷಣೆ

ಜೊಲ್ಲೆಂದು ಅಸಹ್ಯಪಟ್ಟು, ಎಂಜಲೆಂದು ನಾವು ದೂರವಿಡುವ ಲಾಲಾರಸವೇ ಹಲ್ಲುಗಳ ಮುಖ್ಯ ರಕ್ಷಕ. ಆರೋಗ್ಯವಂತ ವಯಸ್ಕರಲ್ಲಿ ಇದು ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಸ್ರವಿಸುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ, ಹಲ್ಲಿಗಂಟಿದ ಪಾಚಿಯಲ್ಲಿನ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಕರಗತೊಡಗುತ್ತದೆ. ಪಾಚಿಯ ಆಮ್ಲತೆಯ ಈ ಏರಿಳಿತವನ್ನು ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಅಳೆದು ತೋರಿಸಿದರು. ಲಾಲಾರಸದಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ತಟಸ್ಥಗೊಳಿಸಿದರೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳು ಎನಾಮೆಲ್ಲಿಗೆ ಮರಳಿ ಸೇರುತ್ತವೆ. ಆದರೆ ಈ ದುರಸ್ತಿಗೆ ಬಿಡುವು ಬೇಕು. ಗಂಟೆಗೊಮ್ಮೆ ಸಿಹಿ ಚಹಾ ಕುಡಿಯುವವರ ಬಾಯಿಗೆ ಅದು ದೊರೆಯದು. ನಿದ್ರೆಯಲ್ಲಂತೂ ಸ್ರಾವ ಬಹುಮಟ್ಟಿಗೆ ಇಳಿಯುತ್ತದೆ.

ಖಿನ್ನತೆ, ಅಲರ್ಜಿ ಮುಂತಾದವುಗಳಿಗೆ ನೀಡುವ ಹಲವು ಔಷಧಿಗಳು ಬಾಯಿಯನ್ನು ಒಣಗಿಸುತ್ತವೆ. ಇದಕ್ಕಿಂತ ತೀವ್ರವಾದುದು ತಲೆ-ಕತ್ತಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರ ಸ್ಥಿತಿ. ಲಾಲಾಗ್ರಂಥಿಗಳು ಹಾನಿಗೊಂಡರೆ, ಅದುವರೆಗೆ ಗಟ್ಟಿಯಾಗಿದ್ದ ಹಲ್ಲುಗಳೂ ಕೆಲವೇ ತಿಂಗಳುಗಳಲ್ಲಿ ಒಸಡಿನ ಅಂಚಿನಲ್ಲಿ ಹುಳುಕಾಗತೊಡಗಬಹುದು. ಹೊಗೆಸೊಪ್ಪು ಜಗಿಯುವ ರೂಢಿಯಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಇಂತಹವರಿಗೆ ವಿಕಿರಣ ಚಿಕಿತ್ಸೆ ಆರಂಭವಾಗುವ ಮೊದಲೇ ದಂತ ತಪಾಸಣೆ ನಡೆಯಬೇಕು. ಫ್ಲೋರೈಡ್ ಬಳಕೆ ಆ ಬಳಿಕವೂ ನಿಲ್ಲಬಾರದು.