ಎಪ್ಪತ್ತನಾಲ್ಕಕ್ಕೆ ಎಪ್ಪತ್ತೊಂಬತ್ತು

ಕೂಡ್ಲಿಗಿಯಿಂದ ರಾತ್ರಿ ಬಸ್ಸಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ನಸುಗತ್ತಲು. ರೇಸ್‌ಕೋರ್ಸ್ ರಸ್ತೆ ಹಿಡಿದು ಹೈಗ್ರೌಂಡ್ಸ್ ಕಡೆಗೆ ನಡೆದೆ. ಲಲಿತ್ ಅಶೋಕ್ ಹೋಟೆಲಿನ ಆಸುಪಾಸಿನಲ್ಲಿ ಎತ್ತರದ ಬಲೆ, ಅದರಾಚೆ ಹಸಿರು. ಅದೇ ಬೆಂಗಳೂರು ಗಾಲ್ಫ್ ಕ್ಲಬ್. ಶುರುವಾದದ್ದು 1876ರಲ್ಲಿ. ಊರು ಆಮೇಲೆ ಸುತ್ತುವರಿಯಿತು; ಚೆಂಡು ರಸ್ತೆಗೆ ಹಾರದಂತೆ ಬಲೆ ಕಟ್ಟಬೇಕಾಯಿತು.

ನನ್ನನ್ನು ಕರೆಸಿಕೊಂಡವರು ಹರಪನಹಳ್ಳಿ ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿ, ವಯಸ್ಸು 74. ಅವತ್ತು ಹಿರಿಯರು ಆಡುವ ಸಹಾಯಾರ್ಥ ಪಂದ್ಯ. "ಬಾರಪಾ, ಮೊದ್ಲು ಚಾ ಕುಡಿ. ಆಮ್ಯಾಲೆ ನನ್ನ ಸಂಗಾಟ ಅಡ್ಡಾಡು" ಎಂದರು.

ಹದಿನೆಂಟು ಕುಳಿಗಳ ಬಳಿಗೂ ಆಟಗಾರರು ಗುಂಪುಗುಂಪಾಗಿ ಹೋಗಿ ನಿಂತು, ಸೂಚನೆ ಸಿಕ್ಕೊಡನೆ ಎಲ್ಲರೂ ಒಟ್ಟಿಗೇ ಆಟ ಆರಂಭಿಸಿದರು. ಹೀಗೆ ಮಾಡಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿದು, ಊಟಕ್ಕೆ ಜೊತೆಯಾಗಿ ಕೂರಬಹುದು. ಹಿರಿಯರಿಗೆ ಹೊಡೆತ ಶುರುಮಾಡುವ ಕಟ್ಟೆಯೂ ಕುಳಿಗೆ ಸ್ವಲ್ಪ ಹತ್ತಿರ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಹೊಡೆಯುವ ಕಟ್ಟೆಯಿಂದ ಅದು ಕಾಣುವುದೇ ಇಲ್ಲ, ಬಾವುಟ ಮಾತ್ರ ಕಾಣುತ್ತದೆ.

ನನ್ನ ಮನಸ್ಸು ಹಿಡಿದದ್ದು ಹ್ಯಾಂಡಿಕ್ಯಾಪ್ ಎಂಬ ಲೆಕ್ಕ. ಒಬ್ಬರ ಹ್ಯಾಂಡಿಕ್ಯಾಪ್ 20 ಎಂದರೆ, ಅವರು 92 ಹೊಡೆತದಲ್ಲಿ ಮುಗಿಸಿದ್ದನ್ನು 72 ಎಂದು ಎಣಿಸುತ್ತಾರೆ. ಮಂಡಿನೋವಿನ ಅಜ್ಜನೂ ಮೂವತ್ತರ ಹುಡುಗನೂ ಒಂದೇ ಪಂದ್ಯದಲ್ಲಿ ಸರಿಸಮ ನಿಲ್ಲಬಹುದು. ಕಬಡ್ಡಿಯಲ್ಲಿ, ಕುಸ್ತಿಯಲ್ಲಿ ಇದನ್ನು ಯಾರು ಕೊಟ್ಟಾರು? ಕಟ್ಟೆಯ ಮೇಲೆ ಕೂತು ನೋಡುವುದಷ್ಟೇ ನಮ್ಮೂರ ಹಿರಿಯರ ಪಾಲು. ಸ್ಟೇಬಲ್‌ಫರ್ಡ್ ಎಂಬ ಇನ್ನೊಂದು ಪದ್ಧತಿಯೂ ಇದೆ. ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ರೂಪಿಸಿದ ಇದನ್ನು 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಪಂದ್ಯಕ್ಕೆ ತಂದರು. ಪ್ರತಿ ಕುಳಿಗೂ ಬೇರೆ ಅಂಕ. ಒಂದು ಕಡೆ ಕೆಟ್ಟರೆ ಅಲ್ಲಿಯದು ಮಾತ್ರ ಸೊನ್ನೆ, ಮುಂದಿನ ಕುಳಿಯಲ್ಲಿ ಹೊಸ ಲೆಕ್ಕ. ದಣಿದ ಮೈಗೆ ಇದಕ್ಕಿಂತ ಕರುಣೆಯ ನಿಯಮ ಸಿಗಲಾರದು.

ಹಣ ಸೇರುವುದು ಪ್ರವೇಶ ಶುಲ್ಕದಿಂದ, ಒಂದೊಂದು ಕುಳಿಯ ಪ್ರಾಯೋಜಕರಿಂದ. ಹೊಡೆತ ತಪ್ಪಿದರೆ ದುಡ್ಡು ಕೊಟ್ಟು ಮತ್ತೊಮ್ಮೆ ಹೊಡೆಯಲು ಬಿಡುವ ರೂಢಿಯೂ ಇಂಥ ಪಂದ್ಯಗಳಲ್ಲಿದೆ. ತಪ್ಪು ಹೆಚ್ಚಿದಷ್ಟೂ ಡಬ್ಬಿ ತುಂಬುತ್ತದೆ. ಕೊಟ್ಟೂರಿನ ಜಾತ್ರೆಗೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಊಟ, ಮಜ್ಜಿಗೆ ನೀಡುವ ಜನರ ನಡುವೆ ಬೆಳೆದ ನನಗೆ, ಆಟದ ನಡುವಿನ ಈ ಕೊಡುಗೆ ಹೊಸದೆನಿಸಿದರೂ ಪರಕೀಯ ಎನಿಸಲಿಲ್ಲ.

ಆದರೆ ನನ್ನ ಕಣ್ಣು ಚೀಲ ಹೊತ್ತ ಕ್ಯಾಡಿಗಳ ಮೇಲೇ ಇತ್ತು. ಒಬ್ಬ ಆಟಗಾರನಿಗೆ ಹದಿನಾಲ್ಕು ಕೋಲುಗಳವರೆಗೆ ಅವಕಾಶ. ಯಾವುದನ್ನು ಯಾವಾಗ ಎತ್ತಬೇಕೆಂದು ಹೇಳುವವರು ಇವರೇ. ಗಾಳಿ, ಇಳಿಜಾರು, ಹುಲ್ಲಿನ ಮಗ್ಗುಲು ಎಲ್ಲ ಇವರಿಗೆ ಬಾಯಿಪಾಠ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಸಹಾಯಾರ್ಥ ಪಂದ್ಯದ ಮೊದಲ ಪಾಲು ಕ್ಯಾಡಿಗಳ ಮಕ್ಕಳ ಓದಿಗೆ, ಅವರ ಮನೆಯ ಆಸ್ಪತ್ರೆ ಖರ್ಚಿಗೆ ಹೋಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿರಿಯರಿಗೆ ಹೇಳಿದೆ. "ಖರೇ ಮಾತು" ಎಂದು ತಮ್ಮ ಚೀಲದ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

ಹುಲ್ಲಿಗೆ ನೀರು ಚಿಮ್ಮುವುದನ್ನು ಕಂಡಾಗ ನಮ್ಮ ತಾಲ್ಲೂಕಿನ 74 ಕೆರೆ ತುಂಬಿಸುವ ಯೋಜನೆ ನೆನಪಾಯಿತು. ಅಲ್ಲಿ ಕೆರೆಗೆ ನೀರು ಬಂದರೆ ಊರಿಗೆ ಊರೇ ದಂಡೆಗೆ ಓಡುತ್ತದೆ.

ಹೊತ್ತೇರಿತು. ಕೊನೆಯ ಕುಳಿಯಲ್ಲಿ ಹಿರಿಯರ ಚೆಂಡು ಅಂಚಿನಲ್ಲಿ ಅರೆಗಳಿಗೆ ನಿಂತು ಒಳಗುರುಳಿತು. ಒಟ್ಟು 79 ಹೊಡೆತ. ತನ್ನ ವಯಸ್ಸಿನಷ್ಟೇ ಹೊಡೆತದಲ್ಲಿ ಮುಗಿಸುವುದು ಈ ಆಟದಲ್ಲಿ ಮುಪ್ಪಿನವರಿಗಷ್ಟೇ ದಕ್ಕುವ ಗೌರವ. ಅವರು ಚೀಟಿಯ ಮೇಲೆ ಬೆರಳಿಟ್ಟು ಎಣಿಸಿದರು.

"ಐದು ಉಳೀತು ನೋಡಪಾ. ಹೊಡೆತ ಇಳೀಬೇಕು, ಇಲ್ಲಾ ನನಗ ವಯಸ್ಸು ಏರಬೇಕು. ಎರಡೂ ಕಡಿಯಿಂದ ನಡಕೊಂತ ಹೋಗ್ತೀನಿ."